ಶುಕ್ರವಾರ ನೀರಿಗಿಳಿದ ಅಮಾಬ್ಲೆ ಚಿಕ್ಕಪ್ಪ

ನಮ್ಮ ಸರೋವರದ ಮೀನುಗಳಲ್ಲಿ ಅರ್ಧಕ್ಕರ್ಧ ನಮ್ಮ ನೆಂಟರೇ ಎಂದು ಅಜ್ಜಿ ಹೇಳುತ್ತಿದ್ದಳು. ಕರ್ತನು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಪವಿತ್ರ ಶುಕ್ರವಾರದಂದು ಯಾರು ನೀರಿಗಿಳಿದು ಮೈ ನೆನೆಸುತ್ತಾರೋ ಅವರು ಮೀನಾಗುತ್ತಾರೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಅಜ್ಜಿಯ ಸೋದರಮಾವ ನಿಕಾನೊರ್ ಹೋದದ್ದು ಹಾಗೆಯೇ. ಅವನು ಇಂಬಾಬುರಾ ಬೆಟ್ಟದ ಆಚೆ ಊರಿನ ಒಬ್ಬ ವಿಧವೆಯ ಜೊತೆ ಓಡಿಹೋದ ಎಂದು ಕೆಲವರು ಆಡಿಕೊಂಡರು. ಅಜ್ಜಿ ಅಂಥ ಕೀಳು ಮಾತಿಗೆ ಕಿವಿ ಕೊಟ್ಟವಳಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಸರೋವರದ ಮೀನನ್ನು ಒಲೆಗೆ ಏರಿಸುತ್ತಿರಲಿಲ್ಲ.

"ಯಾವುದು ನಿಕಾನೊರ್ ಮಾವನೋ ಯಾರಿಗೆ ಗೊತ್ತು? ಹುರಿದ ಮೇಲೆ ಎಲ್ಲಾ ಒಂದೇ ಥರ ಕಾಣ್ತವೆ" ಎನ್ನುತ್ತಿದ್ದಳು ಅಜ್ಜಿ.

ಈ ಅಜ್ಜಿಯ ಹೆಸರು ಓರ್ತೆನ್ಸಿಯಾ. ಅವಳ ಕಿರಿಮಗಳು ತಾರ್ಹೆಲಿಯಾ ನನ್ನ ಚಿಕ್ಕಮ್ಮ. ಚಿಕ್ಕಮ್ಮನ ಗಂಡ ಅಮಾಬ್ಲೆ ಚಿಕ್ಕಪ್ಪ. ನಾನು ಹೇಳಹೊರಟಿರುವುದು ಅವನ ವಿಷಯ.

ಅಮಾಬ್ಲೆ ಚಿಕ್ಕಪ್ಪ ದಣಿದ ಮನುಷ್ಯ. ಕೆಲವರು ಸಂಜೆಗೆ ದಣಿಯುತ್ತಾರೆ, ಕೆಲವರು ಮುದಿವಯಸ್ಸಿಗೆ ದಣಿಯುತ್ತಾರೆ. ಅವನು ದಣಿದೇ ಹುಟ್ಟಿದ್ದ ಎಂಬುದು ಅಜ್ಜಿಯ ಅಭಿಪ್ರಾಯ. ಅವನದು ಚೌಕದ ಮೂಲೆಯಲ್ಲಿ ಐಸ್‌ಕ್ರೀಂ ಅಂಗಡಿ. ಮಂಜುಗಡ್ಡೆಯ ಹಾಸಿನ ಮೇಲೆ ದೊಡ್ಡ ಕಂಚಿನ ಬಾಣಲೆಯಿಟ್ಟು, ಹಣ್ಣಿನ ರಸ ಸುರಿದು, ಬಾಣಲೆಯನ್ನು ಬೆಳಗಿನಿಂದ ಸಂಜೆಯವರೆಗೆ ಗರಗರ ತಿರುಗಿಸುತ್ತಿರಬೇಕು. ಮನೆಗೆ ಬಂದರೆ ಅತ್ತೆ. ಅತ್ತೆ ಸುಮ್ಮನಾದರೆ ನೆರೆಮನೆಯ ದೋನ್ಯಾ ಪಿಯೆದಾದ್. ಆಕೆಯೂ ಸುಮ್ಮನಾದರೆ ನಾಯಿ. ಲೋಕದಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ: ಯಾರೂ ತನ್ನ ಹೆಸರು ಹಿಡಿದು ಕರೆಯದಂಥ ಜಾಗದಲ್ಲಿ ಒಂದು ಹಿಡಿ ನಿದ್ದೆ. ಅದನ್ನು ಅವನು ಯಾರಲ್ಲೂ ಕೇಳಿರಲಿಲ್ಲ. ಕೇಳುವುದಕ್ಕೂ ಶಕ್ತಿ ಬೇಕಲ್ಲ!

ಆ ವರ್ಷ ನಮ್ಮ ಪಂಚಾಯಿತಿ ಅಧ್ಯಕ್ಷ ದೋನ್ ಎಫ್ರಾಯಿನ್ ಅವರಿಗೆ ಊರನ್ನು ಪ್ರಸಿದ್ಧಿಗೆ ತರುವ ಮನಸ್ಸಾಯಿತು. ಈಸ್ಟರ್ ಕಳೆದ ಮುಂದಿನ ವಾರ ಸರೋವರದಲ್ಲಿ ಈಜುಸ್ಪರ್ಧೆ. ಕ್ವಿಟೊದಿಂದ ರಬ್ಬರಿನ ಅಂಗಿ ತೊಟ್ಟ ಈಜುಗಾರರು ಬಂದು ಈ ದಡದಿಂದ ಆ ದಡಕ್ಕೆ ಈಜುತ್ತಾರೆ, ನಾವು ದಡದಲ್ಲಿ ನಿಂತು ಕೈಬೀಸುತ್ತೇವೆ. ಆದರೆ ಸ್ಥಳೀಯರೊಬ್ಬರು ನೀರಿನ ಸುರಕ್ಷತೆಗೆ ಮುಖ್ಯಸ್ಥರಾಗಿ ನಿಲ್ಲದಿದ್ದರೆ ಅನುಮತಿ ಸಿಗದು. ಅದಕ್ಕಾಗಿ ಸಭೆ ಕರೆದರು.

"ಯಾರಾದ್ರೂ ಮುಂದೆ ಬನ್ನಿ. ಗೌರವದ ಸ್ಥಾನ" ಎಂದರು ಅಧ್ಯಕ್ಷರು.

ಗೌರವ ಎಂದರೆ ಸಂಬಳವಿಲ್ಲ ಎಂದು ಊರಿಗೆಲ್ಲ ಗೊತ್ತು. ಬ್ರೆಡ್ಡಿನವನು ತನಗೆ ನೀರು ಆಗಿಬರುವುದಿಲ್ಲ ಎಂದ. ಕಟುಕ ತನ್ನ ಹೆಂಡತಿಗೆ ಆಗಿಬರುವುದಿಲ್ಲ ಎಂದ. ದರ್ಜಿ ಯಾವ ಕಾರಣವನ್ನೂ ಕೊಡದೆ ಎದ್ದುಹೋದ. ಚರ್ಚೆ ಎಳೆದೂ ಎಳೆದೂ ದೀಪ ಹಚ್ಚುವ ಹೊತ್ತಾಯಿತು. ಹಿಂದಿನ ಬೆಂಚಿನಲ್ಲಿ ಗೋಡೆಗೊರಗಿ ಕೂತಿದ್ದ ಅಮಾಬ್ಲೆ ಚಿಕ್ಕಪ್ಪನಿಗೆ ಆಗಲೇ ಜೋಂಪು ಹತ್ತಿತ್ತು. ಅಧ್ಯಕ್ಷರು, "ಹಾಗಾದ್ರೆ ನಮ್ಮ ಊರಲ್ಲಿ ಒಬ್ಬ ಗಂಡಸೂ ಇಲ್ವಾ?" ಎಂದು ಗುಡುಗಿದ ಆ ಗಳಿಗೆಯಲ್ಲೇ ಚಿಕ್ಕಪ್ಪನ ತಲೆ ಎದೆಯ ಮೇಲೆ ಜೋಲಿತು, ಮತ್ತೆ ಮೇಲೆದ್ದಿತು, ಮತ್ತೆ ಜೋಲಿತು.

"ದೋನ್ ಅಮಾಬ್ಲೆ ಒಪ್ಪಿದ್ರು! ಎರಡೆರಡು ಸಲ ಒಪ್ಪಿದ್ರು!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಸದ್ದಿಗೆ ಎಚ್ಚೆತ್ತ ಮನುಷ್ಯ ಏನು ಮಾಡಬೇಕೋ ಅದನ್ನೇ ಅವನು ಮಾಡಿದ. ಎದ್ದು ನಿಂತು ಎಲ್ಲರಿಗೂ ಬಾಗಿ ವಂದಿಸಿದ.

ಮನೆಗೆ ಬಂದಾಗ ಅವನ ಕೊರಳಲ್ಲಿ ಒಂದು ಸೀಟಿ ಇತ್ತು, ಕಂಕುಳಲ್ಲಿ ಕಿತ್ತಳೆ ಬಣ್ಣದ ಒಂದು ಗಾಳಿಚೀಲ. ಈಜುವವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಅದು ಹಿಂದೆ ಹಿಂದೆ ತೇಲಿಬರುತ್ತದೆ, ದೂರಕ್ಕೂ ಕಾಣುತ್ತದೆ, ಸುಸ್ತಾದರೆ ತಬ್ಬಿಕೊಳ್ಳಬಹುದು. ಜೊತೆಗೆ ನಿಯಮಗಳನ್ನೂ ಕಲಿಸಿ ಕಳುಹಿಸಿದ್ದರು. ಒಬ್ಬರೇ ನೀರಿಗಿಳಿಯಬಾರದು. ಮನೆಯಲ್ಲಿ ಹೇಳದೆ ಹೋಗಬಾರದು. ಮಧ್ಯಾಹ್ನದ ಗಾಳಿ ಏಳುವ ಹೊತ್ತಿಗೆ ದಡ ಬಿಡಬಾರದು. ಆಪತ್ತು ಬಂದರೆ ಸೀಟಿ ಊದಬೇಕು.

"ರೀ, ನಿಮಗೆ ಈಜು ಬರುತ್ತಾ?" ಎಂದು ಚಿಕ್ಕಮ್ಮ ಕೇಳಿದಳು.

"ಕೆರೆ ದಡದಲ್ಲಿ ಹುಟ್ಟಿ ಬೆಳೆದೋನಿಗೆ ಕೇಳೋ ಪ್ರಶ್ನೇನಾ ಇದು?" ಎಂದು ಅವನು ಗಂಭೀರವಾಗಿ ಹೇಳಿದ. ನಿಜ ಹೇಳಬೇಕೆಂದರೆ ಅವನಿಗೆ ತೇಲಲು ಮಾತ್ರ ಬರುತ್ತಿತ್ತು. ಅಂಗಾತ ಮಲಗುವುದರಲ್ಲಿ ಅವನದು ದೇವರು ಕೊಟ್ಟ ಪ್ರತಿಭೆ. ಕೆಳಗಿರುವುದು ಹಾಸಿಗೆಯೋ ನೀರೋ ಎಂಬುದು ಆ ಪ್ರತಿಭೆಗೆ ಮುಖ್ಯವಲ್ಲ.

ಅಂದಿನಿಂದ ಅವನಿಗಿದ್ದ ಚೂರುಪಾರು ನೆಮ್ಮದಿಯೂ ಹೋಯಿತು. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ದೋನ್ಯಾ ಪಿಯೆದಾದ್ ಬೇಲಿಯ ಮೇಲೆ ಗಲ್ಲವಿಟ್ಟು ಕಾಯುತ್ತಿದ್ದಳು.

"ದೋನ್ ಅಮಾಬ್ಲೆ, ನಮ್ಮ ಬಾತುಕೋಳಿ ಒಂಟಿಯಾಗಿ ಕೆರೆಗೆ ಹೋಗುತ್ತೆ. ಪರವಾಗಿಲ್ವಾ?"

"ಬಾತುಕೋಳಿಗೆ ನಿಯಮ ಇಲ್ಲ ದೋನ್ಯಾ."

"ಹಾಗಂತ ನೀವು ಹೇಳ್ತೀರಿ. ನಾಳೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ."

"ಅದರ ಕೊರಳಿಗೂ ಒಂದು ಸೀಟಿ ಕಟ್ಟಿಬಿಡಿ, ನನ್ನ ಸಮಾಧಾನಕ್ಕೆ."

ಅಂಗಡಿಗೆ ಬಂದವರೂ ಅಷ್ಟೇ. ಬ್ಲ್ಯಾಕ್‌ಬೆರಿ ಐಸ್‌ಕ್ರೀಂ ನೆಕ್ಕುತ್ತ, ಬಟ್ಟೆ ಒಗೆಯುವಾಗ ಮೊಣಕಾಲಿನವರೆಗೆ ಇಳಿದರೆ ಅದು ಈಜಿನ ಲೆಕ್ಕವೇ, ಕುಡಿದವನು ದೋಣಿಯಲ್ಲಿ ಮಲಗಿದರೆ ಅವನು ಒಬ್ಬನೋ ಇಬ್ಬರೋ ಎಂದೆಲ್ಲ ಕೇಳುತ್ತಿದ್ದರು. ಅವನು ಬಾಣಲೆ ತಿರುಗಿಸುತ್ತ ತಿರುಗಿಸುತ್ತ ನಿಯಮ ಹೇಳುತ್ತಿದ್ದ. ಕೊನೆಕೊನೆಗೆ ಬಾಣಲೆ ನಿಂತರೂ ಅವನ ಬಾಯಿ ನಿಲ್ಲದಾಯಿತು.

ಹೀಗಿರುವಾಗ ಪವಿತ್ರ ವಾರ ಬಂದಿತು. ಪವಿತ್ರ ವಾರವೆಂದರೆ ಫನೆಸ್ಕಾ. ಹನ್ನೆರಡು ಬಗೆಯ ಕಾಳು, ಕುಂಬಳ, ಹಾಲು, ಒಣಗಿಸಿದ ಕಡಲ ಮೀನು ಹಾಕಿ ಕುದಿಸುವ ಈ ಸಾರನ್ನು ತಿನ್ನುವವರಿಗೆ ಅದು ಪುಣ್ಯ. ಮಾಡುವವರಿಗೆ ಬೇರೆ ಶಿಲುಬೆ ಬೇಕಿಲ್ಲ. ಒಂದೊಂದು ಕಾಳನ್ನೂ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಬೇಕು. ಸಿಪ್ಪೆಯಿರುವ ಒಂದೇ ಒಂದು ಕಾಳು ಪಾತ್ರೆಗೆ ಬಿದ್ದರೂ ಅಜ್ಜಿಗೆ ರುಚಿಯಲ್ಲಿ ಗೊತ್ತಾಗುತ್ತಿತ್ತು. ಇಬಾರಾದಿಂದ, ಕ್ವಿಟೊದಿಂದ ನೆಂಟರೆಲ್ಲ ಬಂದು ಇಳಿದರು. ತಿನ್ನುವುದಕ್ಕೆ ಬಂದವರು, ಆದ್ದರಿಂದ ಅವರಿಗೆ ಬೆರಳು ನೋವು. ಹಿತುಕುವ ಕೆಲಸ ಚಿಕ್ಕಮ್ಮ, ಚಿಕ್ಕಪ್ಪ ಮತ್ತು ನನ್ನ ಪಾಲಿಗೆ ಬಿದ್ದಿತು. ಚಿಕ್ಕಮ್ಮನ ಬೆರಳುಗಳು ಗುರುವಾರದ ಸಂಜೆಗೇ ಹಸಿರಾಗಿದ್ದವು. ಅವಳು ಮಾತನಾಡುವುದನ್ನೂ ಬಿಟ್ಟಿದ್ದಳು.

ಶುಕ್ರವಾರ ಬೆಳಗ್ಗೆ ಚಿಕ್ಕಪ್ಪ ಸ್ವಲ್ಪ ಬೆನ್ನು ಚಾಚೋಣವೆಂದು ಕೋಣೆಗೆ ಹೋದ. ಅವನ ಹಾಸಿಗೆಯ ಮೇಲೆ ಇಬಾರಾದ ಷಡ್ಡಕ ಬೂಟು ಸಮೇತ ಮಲಗಿದ್ದ. ಹಜಾರದ ಬೆಂಚಿನ ಮೇಲೆ ಷಡ್ಡಕನ ಅಮ್ಮ. ಅಂಗಳದ ಕುರ್ಚಿಯಲ್ಲಿ ನಾಯಿ.

"ಅಳಿಯಾ! ಜೋಳ ಹಾಗೇ ಇದೆ!" ಎಂದು ಅಡುಗೆಮನೆಯಿಂದ ಅಜ್ಜಿಯ ಕೂಗು.

"ದೋನ್ ಅಮಾಬ್ಲೆ! ಬಾತುಕೋಳಿ ಕಾಣಿಸ್ತಿಲ್ಲ!" ಎಂದು ಬೇಲಿಯಿಂದ ಇನ್ನೊಂದು.

ಚಿಕ್ಕಪ್ಪ ಗಾಳಿಚೀಲವನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಿಲ ಬಾಗಿಲಿಂದ ಹೊರಬಿದ್ದ. "ಚೀಲ ಪರೀಕ್ಷೆ ಮಾಡ್ಕೊಂಡು ಬರ್ತೀನಿ" ಎಂದು ಹೇಳಿಯೇ ಹೋದ. ಹೇಳಿದ್ದು ನಾಯಿಗೆ.

ಸರೋವರದ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವರ್ಷದಲ್ಲಿ ಆ ಒಂದು ದಿನ ಬಟ್ಟೆ ಒಗೆಯುವವರಿಲ್ಲ, ಬಲೆ ಬೀಸುವವರಿಲ್ಲ, ನೀರಿಗೆ ಕಲ್ಲೆಸೆಯುವವರೂ ಇಲ್ಲ. ಜೊಂಡುಹುಲ್ಲು ಸುಮ್ಮನೆ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿತ್ತು. ನೀರಿನೊಳಗೆ ಬೆಟ್ಟವು ತಲೆಕೆಳಗಾಗಿ ಮಲಗಿತ್ತು. ಬೆಟ್ಟಕ್ಕೇ ಮಲಗಲು ಜಾಗ ಸಿಕ್ಕಿದೆ ಎಂದು ಚಿಕ್ಕಪ್ಪನಿಗೆ ಅನಿಸಿತಂತೆ.

ಬೂಟು ಕಳಚಿದ. ಪಾದವನ್ನಷ್ಟೇ ಇಳಿಬಿಟ್ಟ. ಪಾದ ತೊಳೆದರೆ ಅದು ಸ್ನಾನವಲ್ಲ. ಕರ್ತನೇ ಗುರುವಾರ ಶಿಷ್ಯರ ಪಾದ ತೊಳೆದಿಲ್ಲವೆ? ಮೊಣಕಾಲು ಪಾದಕ್ಕೆ ಅಂಟಿಕೊಂಡಿರುವುದರಿಂದ ಅದನ್ನೂ ಪಾದವೆಂದೇ ತಿಳಿಯಬಹುದು. ಹೀಗೆ ಯೋಚಿಸುತ್ತ ಯೋಚಿಸುತ್ತ ಅವನು ಸೊಂಟದವರೆಗೂ ಪಾದವೇ ಆದ. ಆಮೇಲೆ ಅಂಗಿ ಕಳಚಿ ದಡಕ್ಕೆಸೆದು, ಚೀಲವನ್ನು ಸೊಂಟಕ್ಕೆ ಕಟ್ಟಿ, ಕತ್ತಿನ ಕೆಳಗೆ ಎಳೆದುಕೊಂಡು, ಜೊಂಡಿನ ಮರೆಯಲ್ಲಿ ಅಂಗಾತ ಮಲಗಿದ. ಕಿವಿಗೆ ನೀರು ತುಂಬಿತು. ಅಳಿಯಾ ಇಲ್ಲ, ದೋನ್ ಇಲ್ಲ, ರೀ ಇಲ್ಲ. ಆಕಾಶ ಒಂದು ಮಾತನ್ನೂ ಕೇಳಲಿಲ್ಲ. ಅವನಿಗೆ ನಿದ್ದೆ ಬಂದಿತು.

ಇತ್ತ ಚರ್ಚಿನಲ್ಲಿ ಪಾದ್ರಿ ಲಿಸಾರ್ದೊ ಅವರು ಕರ್ತನ ಕೊನೆಯ ಮಾತುಗಳ ಮೇಲೆ ಪ್ರಸಂಗ ಶುರುಮಾಡಿದ್ದರು. ಅದು ಮುಗಿಯುವ ಹೊತ್ತಿಗೆ ಅವರ ಗಂಟಲೂ ನಮ್ಮ ಮೊಣಕಾಲೂ ಸೋತಿದ್ದವು. ಆಮೇಲೆ ಮೆರವಣಿಗೆ. ಗಾಜಿನ ಪೆಟ್ಟಿಗೆಯಲ್ಲಿ ಸತ್ತ ಕರ್ತನ ಪ್ರತಿಮೆಯನ್ನು ಹೊತ್ತು ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು ಸರೋವರದ ದಂಡೆಯ ದಾರಿಯಲ್ಲಿ ನಡೆಯಬೇಕು. ಆ ದಿನ ಗಂಟೆ ಬಾರಿಸುವಂತಿಲ್ಲ, ವಾಹನದ ಹಾರನ್ ಒತ್ತುವಂತಿಲ್ಲ, ಗಟ್ಟಿ ಮಾತಿಲ್ಲ. ಮುಂದೆ ಒಬ್ಬ ಮರದ ಗಿಲಕಿಯನ್ನು ಕಟಕಟ ಆಡಿಸುತ್ತ ಹೋಗುತ್ತಾನೆ, ಅಷ್ಟೆ.

ಮಧ್ಯಾಹ್ನದ ಗಾಳಿ ಆಗಲೇ ಎದ್ದಿತ್ತು. ಅದು ಯಾವ ಮುಲಾಜೂ ಇಲ್ಲದೆ ಸುರಕ್ಷತಾ ಮುಖ್ಯಸ್ಥನನ್ನು ಜೊಂಡಿನಿಂದ ಬಿಡಿಸಿ ಸರೋವರದ ನಡುಮಧ್ಯಕ್ಕೆ ಒಯ್ದಿತ್ತು. ಎಚ್ಚರವಾದಾಗ ಅವನ ಎರಡೂ ಕಾಲು ಮರಗಟ್ಟಿದ್ದವು. ನಮ್ಮ ಸರೋವರ ಬೆಟ್ಟದ ಮೇಲಿನದು, ಅದರ ನೀರು ಯಾರನ್ನೂ ಬೆಚ್ಚಗೆ ಬರಮಾಡಿಕೊಳ್ಳುವುದಿಲ್ಲ. ಮೀನಖಂಡ ಹಿಡಿದುಕೊಂಡು ಕಾಲು ಅಲ್ಲಾಡಿಸಲಾಗದೆ ಅವನು ಚೀಲವನ್ನು ಎರಡೂ ಕೈಯಿಂದ ತಬ್ಬಿದ. ಹಲ್ಲು ಕಟಕಟಿಸಿದವು. ದಡದಿಂದಲೂ ಕಟಕಟ ಕೇಳಿಸಿತು.

ಅವನು ಕೊರಳಲ್ಲಿದ್ದ ಸೀಟಿಯನ್ನು ತುಟಿಗಿಟ್ಟ. ಆಗ ಗಾಜಿನ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಕರ್ತನು ಸತ್ತು ಮಲಗಿದ್ದಾನೆ. ಊರೇ ಉಸಿರು ಬಿಗಿಹಿಡಿದಿದೆ. ಅಂಥ ಹೊತ್ತಿನಲ್ಲಿ ಅಮಾಬ್ಲೆ ಪೊಸ್ಸೊ ಎಂಬ ಐಸ್‌ಕ್ರೀಂನವನು ಸೀಟಿ ಊದುವುದೆ? ಅವನು ಸೀಟಿಯನ್ನು ತುಟಿಯಿಂದ ತೆಗೆದ. ತಲೆಯ ಮೇಲಿಲ್ಲದ ಟೋಪಿಯನ್ನು ತೆಗೆಯಲು ಕೈ ಎತ್ತಿದ. ಶಿಲುಬೆಯ ಗುರುತು ಮಾಡಲೆಂದು ಇನ್ನೊಂದು ಕೈಯನ್ನೂ ಬಿಟ್ಟಾಗ ಒಮ್ಮೆ ಮುಳುಗಿಯೂ ಎದ್ದ.

ಅದನ್ನು ಮೊದಲು ಕಂಡವಳು ದೋನ್ಯಾ ಪಿಯೆದಾದ್. "ಕೆರೇಲಿ ಕುಂಬಳಕಾಯಿ ತೇಲ್ತಿದೆ" ಎಂದು ಪಿಸುಗುಟ್ಟಿದಳು.

"ಕುಂಬಳಕಾಯಿ ಶಿಲುಬೆ ಗುರುತು ಮಾಡಲ್ಲ" ಎಂದು ನಾನೂ ಪಿಸುಗುಟ್ಟಿದೆ.

ಮೆರವಣಿಗೆ ನಿಂತಿತು. ಪಿಸುಮಾತು ಹಿಂದಿನಿಂದ ಮುಂದಕ್ಕೆ ಹರಿದು ಅಧ್ಯಕ್ಷರ ಕಿವಿಗೆ ಮುಟ್ಟಿತು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಅಯ್ಯೋ, ನಮ್ಮ ಸುರಕ್ಷತಾ ಮುಖ್ಯಸ್ಥರು! ಕ್ವಿಟೊದವರಿಗೆ ಗೊತ್ತಾದ್ರೆ ಸ್ಪರ್ಧೆ ಗತಿಯೇನು?"

"ಸ್ಪರ್ಧೆ ಆಮೇಲಾಯ್ತು, ಮನುಷ್ಯ ಮುಳುಗ್ತಿದಾನೆ! ಪಂಚಾಯಿತಿ ದೋಣಿ ಬಿಡಿ" ಎಂದ ಕಟುಕ, ಅದೂ ಪಿಸುಮಾತಿನಲ್ಲೇ.

"ಅದರ ಮೋಟಾರು ಸತ್ತೋರನ್ನೂ ಎಬ್ಬಿಸುತ್ತೆ. ಇವತ್ತು ಶುರುಮಾಡೋಕಾಗುತ್ತಾ?" ಎಂದರು ಅಧ್ಯಕ್ಷರು.

"ಹಾಗಾದ್ರೆ ಯಾರಾದ್ರೂ ಈಜಿ ಹೋಗಿ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಪೆಟ್ಟಿಗೆ ಹೊತ್ತವರು ಸರಿಯಲಾಗದೆ ಮುಖವನ್ನಷ್ಟೇ ಆಚೆ ತಿರುಗಿಸಿದರು.

ಪಾದ್ರಿಗಳು ಮುಂದೆ ಬಂದು, ಉಳಿದಿದ್ದ ಗಂಟಲಲ್ಲಿ ಹೇಳಿದರು: "ಮಕ್ಕಳೇ, ಮೀನಾಗೋದೆಲ್ಲ ಮೂಢನಂಬಿಕೆ. ದೇವರ ವಾಕ್ಯದಲ್ಲಿ ಎಲ್ಲೂ ಹಾಗಿಲ್ಲ. ಧೈರ್ಯವಾಗಿ ಇಳೀರಿ."

"ನೀವೇ ಇಳೀರಿ ಪಾದ್ರಿಗಳೇ."

ಪಾದ್ರಿಗಳು ನೀರನ್ನು ನೋಡಿದರು. ತಮ್ಮ ನಿಲುವಂಗಿಯನ್ನು ನೋಡಿದರು. "ನನಗೆ ಸಂಜೆ ಇನ್ನೊಂದು ಪ್ರಾರ್ಥನೆ ಇದೆ" ಎಂದರು.

"ಇಳಿದೂ ಪ್ರಯೋಜನ ಇಲ್ಲ" ಎಂದಳು ಅಜ್ಜಿ. ಅವಳ ಸ್ವರದಲ್ಲಿ ದುಃಖವಿತ್ತು, ತಾನು ಹೇಳಿದ್ದು ನಿಜವಾಯಿತೆಂಬ ತೃಪ್ತಿಯೂ ಇತ್ತು. "ಕೈ ಮಾತ್ರ ಆಡ್ತಿದೆ, ಕಾಲು ಆಡ್ತಿಲ್ಲ ನೋಡಿ. ಮೊದಲು ಹೋಗೋದೇ ಕಾಲು. ಈಗ ಎಳೆದು ದಡಕ್ಕೆ ಹಾಕಿದ್ರೆ ನೀರಿಲ್ಲದೆ ಸಾಯ್ತಾನೆ, ಪಾಪ. ಅಲ್ಲೇ ಇರಲಿ. ದಿನಾ ಹೋಗಿ ರೊಟ್ಟಿ ಚೂರು ಹಾಕಿ ಬರೋಣ."

ಈ ಸಲಹೆ ಹಲವರಿಗೆ ಹಿಡಿಸಿತು. ಕಿತ್ತಳೆ ಚುಕ್ಕೆ ಇನ್ನೊಮ್ಮೆ ಅಲೆಯಲ್ಲಿ ಮರೆಯಾಗಿ ಕಂಡಿತು. ಈ ಸಲ ಕಾಣಲು ತಡವಾಯಿತು.

ಆಗ ತಾರ್ಹೆಲಿಯಾ ಚಿಕ್ಕಮ್ಮ ಗುಂಪಿನಿಂದ ಹೊರಬಂದಳು. ಕಪ್ಪು ಮುಸುಕನ್ನು ತೆಗೆದು ನನ್ನ ಕೈಗಿತ್ತು, ದಡದಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ, ಊರೆಲ್ಲ ತೈತಾ ಎಂದರೆ ಅಪ್ಪಾ ಎಂದು ಕರೆಯುವ ಆಂತುಕು ಅವರ ಬಳಿಗೆ ಹೋದಳು.

"ತೈತಾ, ನಿಮ್ಮ ತೆಪ್ಪ ಕೊಡಿ."

"ಇವತ್ತಾ ಮಗಳೇ?"

"ಇವತ್ತೇ."

ಅವರು ಮುದುಕರು. ಅವಳ ಮುಖ ನೋಡಿ ಬೇರೇನೂ ಕೇಳದೆ ಜೊಂಡಿನ ತೆಪ್ಪವನ್ನು ನೀರಿಗೆ ನೂಕಿ ಹುಟ್ಟು ಕೊಟ್ಟರು. ಅವಳು ನೀರಿಗೆ ಕಾಲಿಟ್ಟಳು.

"ತಾರ್ಹೆಲಿಯಾ! ಮೀನಾಗ್ತೀಯ ಕಣೇ!" ಅಜ್ಜಿ ಪಿಸುಮಾತನ್ನು ಮರೆತು ಕಿರುಚಿದಳು.

"ಆದ್ರೆ ಆಯ್ತಮ್ಮ" ಎಂದಳು ಚಿಕ್ಕಮ್ಮ, ಹಿಂತಿರುಗಿ ನೋಡದೆ. "ಮೀನಿನ ಮನೇಲಿ ಕಾಳು ಹಿತುಕೋದಿರಲ್ಲ."

ದಡದಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಹಸಿರು ಬೆರಳುಗಳನ್ನು ನೋಡಿಕೊಂಡರು. ಒಬ್ಬರೂ ಅವಳನ್ನು ಮತ್ತೆ ಕರೆಯಲಿಲ್ಲ.

ಗಾಳಿ ಅವಳ ಬೆನ್ನಿಗಿತ್ತು. ತೆಪ್ಪ ಅವನ ಬಳಿ ಸೇರಿದಾಗ ನಡೆದ ಮಾತನ್ನು ಚಿಕ್ಕಮ್ಮ ಆಮೇಲೆ ನನಗೆ ಹೇಳಿದಳು.

"ರೀ, ಯಾಕೆ ಸೀಟಿ ಊದಲಿಲ್ಲ?"

"ಮೆರವಣಿಗೆ ಹೋಗ್ತಿತ್ತಲ್ಲ."

"ಸತ್ತುಹೋಗ್ತಿದ್ರಿ."

"ಮೆರವಣಿಗೆ ದಾಟಿದ ಮೇಲೆ ಊದೋಣ ಅಂತಿದ್ದೆ. ಅದು ನಿಂತೇಬಿಡ್ತು ತಾರ್ಹೆಲಿಯಾ. ನಿಮ್ಮಮ್ಮ ಅಲ್ಲೇನು ಮಾತಾಡ್ತಿದಾರೆ?"

"ರೊಟ್ಟಿ ವಿಷಯ. ಕೈ ಕೊಡಿ."

ಅವನನ್ನು ಎಳೆದುಹಾಕುವುದರಲ್ಲಿ ಅವಳ ಪ್ರಾಣ ಬಾಯಿಗೆ ಬಂದಿತು. ಇಬ್ಬರ ಭಾರಕ್ಕೆ ತೆಪ್ಪ ಕುಸಿದು ಇಬ್ಬರೂ ಸೊಂಟದವರೆಗೆ ನೀರಲ್ಲಿ ಕೂತರು. ಹಾಗೆ, ಮದುವೆಯ ದಿನ ಕೂತ ಹಾಗೆ ಪಕ್ಕಪಕ್ಕ ಕೂತು, ಎದುರುಗಾಳಿಯಲ್ಲಿ ಒಂದೊಂದೇ ಮಾರು ದಡಕ್ಕೆ ಬಂದರು. ಅವಳು ಹುಟ್ಟು ಹಾಕುತ್ತಿದ್ದಳು. ಅವನು ಅವಳಿಗೊರಗಿ ನಡುಗುತ್ತಿದ್ದ.

ದಡ ಮುಟ್ಟಿದಾಗ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಚಿಕ್ಕಪ್ಪನ ಬೆನ್ನು ಎಂದಿನಂತಿತ್ತು. ಆದರೆ ಮುಖ, ಹೊಟ್ಟೆ, ಮೂಗು ಬೀಟ್‌ರೂಟಿನಂತೆ ಕೆಂಪಾಗಿ ಮಿರಮಿರ ಹೊಳೆಯುತ್ತಿದ್ದವು. ಬೆಟ್ಟದ ಮೇಲಿನ ಸೂರ್ಯನಿಗೆ ಅಷ್ಟು ಹೊತ್ತು ಮುಖ ಕೊಟ್ಟು ಮಲಗಿದರೆ ಇನ್ನೇನಾಗುತ್ತದೆ! ಅಜ್ಜಿಗೆ ಮಾತ್ರ ಅದು ಬೇರೆಯೇ ಆಗಿ ಕಂಡಿತು.

"ಬಣ್ಣ ಬಂದಿದೆ" ಎಂದಳು.

"ಇವರನ್ನ ಈಗ ಏನು ಮಾಡೋದು?" ಎಂದು ಬ್ರೆಡ್ಡಿನವನು ಕೇಳಿದ.

ಅಧ್ಯಕ್ಷರು ದೂರದಲ್ಲೇ ನಿಂತು ಯೋಚಿಸಿದರು. "ಮನುಷ್ಯರಾದ್ರೆ ಪಂಚಾಯಿತಿ ನೋಡ್ಕೊಳ್ಳುತ್ತೆ. ಮೀನಾದ್ರೆ ಮೀನುಗಾರಿಕೆಯೋರಿಗೆ ತಿಳಿಸ್ಬೇಕು. ಯಾವುದು ಅಂತ ಗೊತ್ತಾಗೋವರೆಗೂ ನಾನೇನೂ ಸಹಿ ಹಾಕಲ್ಲ."

"ಮನೆಗಂತೂ ಬೇಡ. ನೆಂಟರು ತುಂಬಿದಾರೆ, ಮಕ್ಕಳಿದಾವೆ" ಎಂದಳು ಅಜ್ಜಿ. "ಭಾನುವಾರ ಕರ್ತ ಎದ್ದು ಗಂಟೆ ಹೊಡೆದ ಮೇಲೆ ಕಾಲು ನೋಡೋಣ. ಅಷ್ಟರಲ್ಲಿ ಆಗೋದೆಲ್ಲ ಆಗಿರುತ್ತೆ."

ಪಾದ್ರಿಗಳು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. "ಏನಾದ್ರೂ ಮಾಡಿ. ಆದ್ರೆ ಮೊದಲು ಅವರಿಗೊಂದು ಕಂಬಳಿ ಕೊಡಿ" ಎಂದರು.

ದಡದಲ್ಲಿ ದೋಣಿಮನೆಯೊಂದಿತ್ತು. ಕ್ವಿಟೊದ ಈಜುಗಾರರು ಬಂದಾಗ ವಿಶ್ರಮಿಸಲೆಂದು ಅಧ್ಯಕ್ಷರು ಅಲ್ಲಿ ಹೊಸ ಹಾಸಿಗೆ, ಹೊಸ ಉಣ್ಣೆ ಕಂಬಳಿಗಳನ್ನು ತರಿಸಿಟ್ಟಿದ್ದರು. ಇಬ್ಬರನ್ನೂ ಅಲ್ಲಿ ಬಿಟ್ಟು ಬಾಗಿಲು ಹಾಕಿದರು. ಹತ್ತಿರ ಯಾರೂ ಸುಳಿಯಕೂಡದೆಂದು ಕಟ್ಟಪ್ಪಣೆಯಾಯಿತು. ಮಾತನಾಡಿಸುವುದೂ ಅಪಾಯವೆಂದು ಅಜ್ಜಿ ಸೇರಿಸಿದಳು. ಹೆಸರು ಹಿಡಿದು ಕರೆದರೆ ಬದಲಾವಣೆ ಅರ್ಧಕ್ಕೆ ನಿಂತುಬಿಡಬಹುದಂತೆ.

ಶನಿವಾರ ನಾನು ಊಟ ಒಯ್ದೆ. ಅಜ್ಜಿ ಫನೆಸ್ಕಾದಿಂದ ಒಣಮೀನಿನ ತುಂಡುಗಳನ್ನೆಲ್ಲ ಹುಡುಕಿ ತೆಗೆದಿದ್ದಳು. "ಈಗವರು ನಮ್ಮ ಜಾತಿಯಲ್ಲ, ಅವುಗಳ ಜಾತಿ. ಸ್ವಂತದೋರನ್ನ ತಿಂದಂಗಾಗಬಾರದು" ಎಂದು ಕಣ್ಣೊರೆಸಿಕೊಂಡಳು. ನಾನು ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ಕಿವಿಗೊಟ್ಟೆ. ಒಳಗೆ ಎರಡು ಗೊರಕೆ, ಒಂದು ದಪ್ಪ, ಒಂದು ಸಣ್ಣ. ಆ ಪಾತ್ರೆ ಸಂಜೆಯವರೆಗೂ ಅಲ್ಲೇ ಇತ್ತು.

ಭಾನುವಾರ ಗಂಟೆ ಹೊಡೆಯಿತು. ಊರೆಲ್ಲ ದೋಣಿಮನೆಯ ಮುಂದೆ ನೆರೆಯಿತು. ಎರಡೇ ದಿನದಲ್ಲಿ ಊರಿಗೆ ಅವರಿಬ್ಬರ ಅಗತ್ಯ ತಿಳಿದಿತ್ತು. ಚೌಕದಲ್ಲಿ ಐಸ್‌ಕ್ರೀಂ ಇಲ್ಲ. ಮನೆಯಲ್ಲಿ ತೊಳೆಯದ ಪಾತ್ರೆಗಳು ಅಂಗಳಕ್ಕೆ ಬಂದಿದ್ದವು. ಇಬಾರಾದ ಷಡ್ಡಕ ಹಸಿದಿದ್ದ. ಅಧ್ಯಕ್ಷರಿಗೆ ಮುಖ್ಯಸ್ಥ ಬೇಕಾಗಿದ್ದ.

"ತಾರ್ಹೆಲಿಯಾ! ಗಂಟೆ ಹೊಡೀತು! ಕಾಲು ತೋರಿಸ್ರೇ!" ಎಂದು ಅಜ್ಜಿ ಬಾಗಿಲು ಬಡಿದಳು.

ನಾನು ಪಕ್ಕದ ಕಿಟಕಿಯ ಬಿರುಕಿಗೆ ಕಣ್ಣಿಟ್ಟೆ. ಇಬ್ಬರೂ ಕಂಬಳಿಯೊಳಗಿಂದ ಚಾಚಿದ ನಾಲ್ಕು ಪಾದಗಳ ಸಮೇತ ಮಲಗಿದ್ದರು. ಬಿಸಿಲಿಗೆ ಸುಟ್ಟ ಚಿಕ್ಕಪ್ಪನ ಮೂಗು ಸುಲಿಯತೊಡಗಿತ್ತು. ಬಡಿತದ ಸದ್ದಿಗೆ ಅವನು ಹೌಹಾರಿ ಏಳಹೊರಟ. ಚಿಕ್ಕಮ್ಮ ಅವನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದಳು. ಆ ಮೂಗನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಉಗುರ ತುದಿಯಿಂದ ಮೆಲ್ಲಗೆ ಒಂದು ಪೊರೆ ಬಿಡಿಸಿ, ಅದನ್ನು ತಟ್ಟೆಯಲ್ಲಿಟ್ಟು, ಬಾಗಿಲ ಕೆಳಗಿನ ಸಂದಿಯಿಂದ ಹೊರಕ್ಕೆ ನೂಕಿದಳು.

ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತೆಳ್ಳಗೆ, ಬೆಳ್ಳಗೆ, ಮಿರುಗುತ್ತಿತ್ತು.

"ಮೀನಿನ ಹುರುಪೆ" ಎಂದಳು, ಉಸಿರಿನಲ್ಲೇ.

ದೋನ್ಯಾ ಪಿಯೆದಾದ್ ಅಲ್ಲೇ ಮೊಣಕಾಲೂರಿದಳು. ಅಧ್ಯಕ್ಷರು ಕೈಯಲ್ಲಿದ್ದ ಟೋಪಿಯನ್ನು ತಲೆಗಿಟ್ಟು, ಮತ್ತೆ ತೆಗೆದು, ನಾಲ್ಕು ಹೆಜ್ಜೆ ಹಿಂದೆ ಹೋದರು. ಜನರೆಲ್ಲ ಉಸಿರು ಹಿಡಿದು ಬಾಗಿಲನ್ನೇ ನೋಡುತ್ತಿದ್ದರು. ಒಳಗಿಂದ ಮೊದಲು ಒಂದು ಉದ್ದನೆಯ ಆಕಳಿಕೆ ಬಂದಿತು. ಅದು ಪೂರ್ತಿ ಮುಗಿದ ಮೇಲೆ ಚಿಕ್ಕಮ್ಮನ ದನಿ.

"ಈಗಲೇ ಏನೂ ಹೇಳೋಕಾಗಲ್ಲಮ್ಮ. ಮಂಗಳವಾರ ಬಂದು ನೋಡಿ. ಬರೋವಾಗ ಇನ್ನೊಂದು ದಿಂಬು ತನ್ನಿ."